ಚಾಳೀಸಿನ ಡಬ್ಬಿಗೆ ಹತ್ತದ ಬಣ್ಣ

ಕೈಯಿಂದ ಚರ್ಮದ ಸಾಮಾನು ಮಾಡಿ ಅದಕ್ಕೆ ಬಣ್ಣ ಹಚ್ಚುವ ಮನೆಯಲ್ಲಿ ನಗೆಯ ಪ್ರಸಂಗಗಳು ಕರೆಯದೆಯೇ ಬರುತ್ತವೆ. ಒಂದು ಹೊರಬೀಳುವ ಮೊದಲೇ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಆಗುವ ಹೊತ್ತಿಗೆ ಮಾತ್ರ ಯಾರಿಗೂ ನಗು ಬರುವುದಿಲ್ಲ.

ನಾನು ಪುಣೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರ. ಮೂಲ ಊರು ಧಾರವಾಡದ ಹತ್ತಿರ. ಹೆಂಡತಿ ತೀರಿಕೊಂಡ ಮೇಲೆ ಸಂಜೆಗಳು ಬಹಳ ಉದ್ದವಾದವು. ಶಾಲೆ ಬಿಟ್ಟೊಡನೆ ಮನೆಗೆ ಹೋದರೆ ನನ್ನ ಬೀಗ ತೆಗೆಯುವ ಸದ್ದು ನನಗೇ ಜೋರಾಗಿ ಕೇಳುತ್ತಿತ್ತು. ಆದ್ದರಿಂದ ಕಾಲುಗಳು ತಾವಾಗಿಯೇ ಭವಾನಿ ಪೇಠೆಯ ಕಡೆ ತಿರುಗುತ್ತಿದ್ದವು. ಅಲ್ಲಿನ ಒಂದು ಓಣಿಯಲ್ಲಿ ಹೆಂಡತಿಯ ಅಣ್ಣ ಬೆಳಗಾವಿಯಿಂದ ಬಂದು ಇಟ್ಟಿದ್ದ ಕಾರಖಾನೆ ಇತ್ತು. ಕಾರಖಾನೆ ಎಂದರೆ ಕೆಳಗೆ ಒಂದು ಉದ್ದನೆಯ ಕೋಣೆ, ಮೇಲೆ ಅವರ ಸಂಸಾರ, ಅದರ ಮೇಲೆ ಬಿಸಿಲಿಗೆ ತೆರೆದ ಮಾಳಿಗೆ. ನಾನು ಅವರನ್ನು ಭಾವ ಎನ್ನುತ್ತಿದ್ದೆ. ಅವರ ಹೆಂಡತಿಯನ್ನು ನನ್ನ ಹೆಂಡತಿ ವೈನಿ ಎನ್ನುತ್ತಿದ್ದಳು; ನಾನೂ ಹಾಗೆಯೇ ಕರೆಯುತ್ತಿದ್ದೆ.

ಅಲ್ಲಿ ಆಗುತ್ತಿದ್ದ ಕೆಲಸ ಇಷ್ಟೇ. ಹದ ಮಾಡಿದ ಚರ್ಮವನ್ನು ನೀರಿನಲ್ಲಿ ನೆನೆಸಿ ಮರದ ಅಚ್ಚಿನ ಮೇಲೆ ಹಾಸುವುದು. ಬೆರಳಿನಿಂದ ಒತ್ತಿ ಒತ್ತಿ ಅಚ್ಚಿನ ಆಕಾರಕ್ಕೆ ಕೂಡಿಸುವುದು. ಒಣಗಿ ಗಟ್ಟಿಯಾದ ಮೇಲೆ ಅಚ್ಚು ತೆಗೆದು ಕಂದು ಬಣ್ಣ ಹಚ್ಚುವುದು. ಆಮೇಲೆ ಹೊಲಿಗೆ. ಕೊನೆಗೆ ಆಗುವುದು ಕನ್ನಡಕ ಇಡುವ ಡಬ್ಬಿ. ನಮ್ಮ ಮಾತಿನಲ್ಲಿ ಚಾಳೀಸಿನ ಡಬ್ಬಿ. ಸಂಜೆಯ ಬಿಸಿಲು ಪಡುವಣ ಕಿಟಕಿಯಿಂದ ಬಂದು ಸಾಲಾಗಿ ಇಟ್ಟ ಡಬ್ಬಿಗಳ ಮೇಲೆ ಬಿದ್ದರೆ, ಅವು ಕಣ್ಣು ಮುಚ್ಚಿ ಮಲಗಿದ ಯಾವುದೋ ಸಾಧು ಪ್ರಾಣಿಗಳಂತೆ ಕಾಣುತ್ತಿದ್ದವು. ನಾನು ಮೂಲೆಯ ಮಣೆಯ ಮೇಲೆ ಸುಮ್ಮನೆ ಕೂತು ನೋಡುತ್ತಿದ್ದೆ. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಭಾವ ನಕ್ಕರೆ ಮೊದಲು ಹೆಗಲು ಅಲುಗುತ್ತಿತ್ತು, ಆಮೇಲೆ ದನಿ ಬರುತ್ತಿತ್ತು. ಅವರ ತಂಗಿಯೂ ಹಾಗೆಯೇ ನಗುತ್ತಿದ್ದಳು.

ಆ ವರ್ಷ ಡಬ್ಬಿಗಳಿಗೆ ಬಣ್ಣ ಸಮನಾಗಿ ಹತ್ತದೆ ಹೋಯಿತು. ಒಂದು ಮಗ್ಗಲು ಕಪ್ಪು, ಒಂದು ಮಗ್ಗಲು ಬಿಳಿಚು, ನಡುವೆ ಹುಳುಕಡ್ಡಿ ಎದ್ದಂತೆ ಕಲೆ. ಅವರ ಡಬ್ಬಿಗಳನ್ನೆಲ್ಲ ಕೊಳ್ಳುತ್ತಿದ್ದವರು ಒಬ್ಬರೇ, ಗೋರಾ ದಂಡಿನ ಕ್ಯಾಂಪಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಪಾರಸಿ ಮುದುಕರು. ಅವರು ಮಾಲನ್ನು ಹಿಂದಕ್ಕೆ ಕಳಿಸತೊಡಗಿದರು. ಹೀಗೇ ಆದರೆ ವಿಲಾಯತಿಯಿಂದ ತರಿಸಿಕೊಳ್ಳುತ್ತೇನೆ ಎಂದೂ ಹೇಳಿಕಳಿಸಿದರು.

“ಹಂಗೇನರ ಆದ್ರ ಬೀಗಾ ಹಾಕೂದು, ಬೆಳಗಾವಿಗೆ ಹೋಗೂದು,” ಎಂದರು ಭಾವ. “ಕಾಕಾನ ಅರಿವಿ ಅಂಗಡ್ಯಾಗ ಗಜಾ ಹಿಡಕೊಂಡು ನಿಂದ್ರೂದು. ಮತ್ತೇನ್ ಮಾಡ್ಲಿಕ್ಕೆ ಬರ್ತದ ಮಾಸ್ತರ್ರ?”

ಅವರು ಹೋದ ಮೇಲೂ ಓಣಿ ಅಲ್ಲೇ ಇರುತ್ತದೆ, ನನ್ನ ಕಾಲೂ ತಿರುಗುತ್ತದೆ. ತಿರುಗಿ ಎಲ್ಲಿಗೆ ಹೋಗಬೇಕು ಎಂಬುದಷ್ಟೇ ನನಗೆ ಹೊಳೆಯಲಿಲ್ಲ. ಮರುದಿನದಿಂದ ನಾನೂ ಡಬ್ಬಿಯ ರೋಗ ಹುಡುಕುವುದಕ್ಕೆ ಕೂತೆ.

೧. ಶನಿವಾರದ ಬೆರಳು

ಅಚ್ಚಿನ ಕೆಲಸವೆಲ್ಲ ಮಿಸ್ತ್ರಿಯದು. ಕೊಲ್ಲಾಪುರದ ಕಡೆಯ ವಯಸ್ಸಾದ ಮನುಷ್ಯ, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಮಾತು. ಕಲೆ ಬೀಳುವುದಕ್ಕೆ ಕಾರಣ ದೃಷ್ಟಿ ಎಂದು ಮಿಸ್ತ್ರಿ ಹೇಳುತ್ತಿದ್ದರು. ಕಾರಣ ನಳದ ನೀರು ಎಂದು ಭಾವ ಹೇಳುತ್ತಿದ್ದರು. ಇಬ್ಬರೂ ದಿನಾ ಇದನ್ನೇ ಹೇಳುತ್ತಿದ್ದರು, ಡಬ್ಬಿಗಳು ದಿನಾ ಕಲೆಯಾಗುತ್ತಿದ್ದವು.

ನಾನು ಒಂದು ಬೇಡಿಕೆ ಇಟ್ಟೆ. ಯಾವ ಡಬ್ಬಿಯನ್ನು ಯಾವ ದಿನ ಅಚ್ಚಿಗೆ ಏರಿಸಿದ್ದು ಎಂದು ಒಳಮಗ್ಗಲು ಸೀಮೆಸುಣ್ಣದಿಂದ ಆ ವಾರದ ಮೊದಲ ಅಕ್ಷರ ಬರೆಯಿರಿ, ಸಾಕು. “ಮಾಸ್ತರು ಡಬ್ಬಿಗೂ ಹಾಜರಿ ಹಾಕ್ತಾರ ನೋಡ್ರಿ,” ಎಂದು ಮಿಸ್ತ್ರಿ ಗೊಣಗಿದರು. ಗೊಣಗುತ್ತಲೇ ಬರೆದರು.

ಬಣ್ಣ ಹಚ್ಚಿ ನೋಡಿದಾಗ ಹುಳುಕಡ್ಡಿಯ ಕಲೆ ಎದ್ದ ಡಬ್ಬಿಗಳ ಒಳಗೆಲ್ಲ ‘ಶ’ ಇತ್ತು.

ಶನಿವಾರ ನಮ್ಮ ಶಾಲೆ ಬೆಳಿಗ್ಗೆ ಮಾತ್ರ. ಮುಂದಿನ ಶನಿವಾರ ಶಾಲೆ ಬಿಟ್ಟವನೇ ಬಂದು ನನ್ನ ಮಣೆಯ ಮೇಲೆ ಕೂತೆ. ಮಿಸ್ತ್ರಿ ಓಣಿಯ ಮೂಲೆಯ ಮಾರುತಿಯ ಗುಡಿಯಿಂದ ಬಂದರು. ದೇವರ ತಲೆಗೆ ಎಣ್ಣೆ ಸುರಿದು, ದೇವರ ಮೈಮೇಲಿನ ಎಣ್ಣೆಯನ್ನು ಬೆರಳಿನಿಂದ ತೆಗೆದು ಕಣ್ಣಿಗೆ ಒತ್ತಿಕೊಂಡು, ಉಳಿದದ್ದನ್ನು ಮೀಸೆಗೆ ತೀಡಿಕೊಂಡು ಬಂದಿದ್ದರು. ಬಂದವರೇ ನೆನೆದ ಚರ್ಮವನ್ನು ಅಚ್ಚಿನ ಮೇಲೆ ಹಾಸಿ ಹತ್ತೂ ಬೆರಳಿನಿಂದ ಭಕ್ತಿಯಿಂದ ಒತ್ತತೊಡಗಿದರು. ಎಣ್ಣೆ ಕುಡಿದ ಚರ್ಮಕ್ಕೆ ಬಣ್ಣ ಹೇಗೆ ಇಳಿದೀತು?

ಭಾವ ಹಣೆ ಬಡಿದುಕೊಂಡರು. “ಮಿಸ್ತ್ರಿ, ಏಳ್ರಿ, ಮೊದಲ ಸಾಬಾಣ ಹಚ್ಚಿ ಕೈ ತೊಳಕೊಂಡು ಬರ್ರಿ.”

“ದೇವರ ಎಣ್ಣಿ ಸಾಬಾಣ ಹಚ್ಚಿ ತೊಳೀತಾರೇನ್ರಿ ಮಾಲಕ? ಬೆಳಗಾವ್ಯಾಗ ನಿಮಗ ಇದನ್ನ ಕಲಿಸ್ಯಾರೇನು?”

“ಹಂಗಾರ ಗುಡಿಗೆ ಸಂಜಿಮುಂದ ಹೋಗ್ರಿ.”

“ಸಂಜಿಮುಂದ ಭಾಳ ಗದ್ದಲ. ನಾ ಬಂದದ್ದು ಮಾರುತಿಗೆ ಗೊತ್ತಾಗೂದಿಲ್ಲ.”

ಶನಿವಾರ ಬರೀ ಹೊಲಿಗೆ ಮಾಡುವುದು, ಅಚ್ಚಿನ ಕೆಲಸ ಬೇಡ ಎಂದು ನಾನು ನಡುವೆ ಬಂದು ತೀರ್ಮಾನ ಹೇಳಿದೆ. ಮಿಸ್ತ್ರಿ ಒಪ್ಪಿದರು. ಆದರೆ ಮೀಸೆ ತಿರುವುತ್ತ ನನ್ನನ್ನು ಬಹಳ ಹೊತ್ತು ಮರುಕದಿಂದ ನೋಡಿದರು.

“ಮಾಸ್ತರ,” ಎಂದರು, “ನೀವು ನಮ್ಮ ಶನಿ ಹುಡುಕಲಿಕ್ಕೆ ಹೋಗಿ ಮಾರುತೀನ ಹಿಡದ್ರಿ.”

೨. ಮುದ್ದಿನ ಡಬ್ಬಿ

ಕಲೆ ಹೋಯಿತು, ಬಿಳಿಚು ಉಳಿಯಿತು. ಅದೂ ವಿಚಿತ್ರ ಬಿಳಿಚು. ಅಂದವಾಗಿ ಕೂತ, ಒಂದು ಸುಕ್ಕೂ ಇಲ್ಲದ ಡಬ್ಬಿಗಳೇ ಬಣ್ಣ ಕುಡಿಯುತ್ತಿರಲಿಲ್ಲ. ಅವಸರದಲ್ಲಿ ಮಾಡಿದ ಒರಟು ಡಬ್ಬಿಗಳು ಗಟಗಟ ಕುಡಿಯುತ್ತಿದ್ದವು.

ಕಾರಣ ಗೊತ್ತಾಗುವುದಕ್ಕೆ ಬಹಳ ದಿನ ಬೇಕಾಗಲಿಲ್ಲ. ಮನಸ್ಸಿಗೆ ಬಂದ ಡಬ್ಬಿಯನ್ನು ಮಿಸ್ತ್ರಿ ತೊಡೆಯ ಮೇಲೆ ಇಟ್ಟುಕೊಂಡು, ಬಣ್ಣಕ್ಕೆ ಮೊದಲೇ ಎಲುಬಿನ ತುಂಡಿನಿಂದ ತಿಕ್ಕುತ್ತಿದ್ದರು. ತಿಕ್ಕುತ್ತ ಹಾಡು ಗುನುಗುತ್ತಿದ್ದರು. ತಮ್ಮ ಮೀಸೆ ಅದರಲ್ಲಿ ಕಾಣುವ ತನಕ ಬಿಡುತ್ತಿರಲಿಲ್ಲ. ಅಷ್ಟು ತಿಕ್ಕಿಸಿಕೊಂಡ ಚರ್ಮ ತನ್ನ ರಂಧ್ರಗಳನ್ನೆಲ್ಲ ಮುಚ್ಚಿಕೊಂಡು ಕೂತಿರುತ್ತಿತ್ತು. ಬಣ್ಣ ಮೇಲಿಂದ ಮೇಲೆಯೇ ಜಾರಿ ಹೋಗುತ್ತಿತ್ತು. ತಿಕ್ಕುವುದೆಲ್ಲ ಬಣ್ಣ ಆದ ಮೇಲೆ ಎಂದು ನಿಯಮ ಮಾಡಿದೆವು.

ಭಾವ ಆ ಬಿಳಿಚು ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು ವೇದಾಂತ ಹೇಳಿದರು. “ನೋಡ್ರಿ ಮಾಸ್ತರ್ರ, ಭಾಳ ಮುದ್ದು ಮಾಡಿದ್ದು ಯಾವುದೂ ಬಣ್ಣಾ ಹಿಡಿಯೂದಿಲ್ಲ.”

ಚಹಾ ತಂದ ವೈನಿ ಮೆಟ್ಟಿಲ ಮೇಲೆಯೇ ನಿಂತು ಹೇಳಿದರು: “ಖರೇ ಅದ. ನಮ್ಮತ್ತಿ ನಿಮ್ಮನ್ನ ಭಾಳ ಮುದ್ದು ಮಾಡಿದ್ರಂತ.”

೩. ಮಾಳಿಗೆಯ ಮೇಲೆ

ಇನ್ನು ಒಂದು ಮಗ್ಗಲು ಕಪ್ಪು, ಒಂದು ಮಗ್ಗಲು ತಿಳಿ ಆಗುವ ರೋಗ. ಬಣ್ಣ ಹಚ್ಚಿದ ಡಬ್ಬಿಗಳನ್ನು ಮಾಳಿಗೆಯ ಮೇಲೆ ಒಣಗಲು ಇಡುತ್ತಿದ್ದರು. ಬಿಸಿಲು ಬಿದ್ದ ಮಗ್ಗಲು ಬೇಗ ಒಣಗುತ್ತಿತ್ತು, ಒಣಗುವ ಕಡೆಗೆ ಹಸಿ ಬಣ್ಣವೆಲ್ಲ ಸರಿದು ಬಂದು ಗಟ್ಟಿಯಾಗುತ್ತಿತ್ತು. ಹೊತ್ತು ಹೊತ್ತಿಗೆ ತಿರುವಿ ಹಾಕಿದರೆ ಸರಿಹೋಗುತ್ತದೆ ಎಂದೆ.

ತಿರುವುವವರು ಯಾರು? ಅದು ಹಪ್ಪಳದ ಕಾಲ. ವೈನಿ ದಿನವೂ ಮಡಿಯುಟ್ಟು ಮಾಳಿಗೆಯ ಮೇಲೆ ಹಪ್ಪಳ ಹರವಿ ಕೂತಿರುತ್ತಿದ್ದರು. ಭಾವ ಹೋಗಿ ಕೇಳಿದರು.

“ಮಡಿಯೊಳಗ ಚರ್ಮಾ ಮುಟ್ಟು ಅಂತೀರಲ್ಲ, ನಿಮಗೇನರ ಬುದ್ಧಿ ಅದ ಏನು?”

“ಕೈಲೆ ಮುಟ್ಟಬ್ಯಾಡ. ಅರಿವಿ ಒಣಹಾಕೂ ಗಳಾ ಅದ ಅಲ್ಲ, ಅದರ್ಲೆ ದೂರದಿಂದ ತಿರುವು.”

ವೈನಿ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಅವರ ಕೆಲಸದಲ್ಲಿ ಒಂದು ಕೊರತೆಯೂ ಇರುತ್ತಿರಲಿಲ್ಲ. ಹಪ್ಪಳ ತಿರುವುವ ಹೊತ್ತಿಗೆ ಸರಿಯಾಗಿ ಬಿದಿರಿನ ಗಳದ ತುದಿಯಿಂದ ಡಬ್ಬಿಗಳನ್ನೂ ಒಂದೊಂದಾಗಿ ಹೊರಳಿಸುತ್ತಿದ್ದರು. ನಾನು ತರಗತಿಯಲ್ಲಿ ಲೆಕ್ಕ ಹಾಕಿಕೊಟ್ಟು ಕಿಟಕಿಯ ಹತ್ತಿರ ನಿಂತಾಗ ಎದುರಿನ ಗೋಡೆಯ ಮೇಲೆ ಬಿಸಿಲು ಜರುಗುವುದು ಕಾಣುತ್ತಿತ್ತು. ಈಗ ಅಲ್ಲಿ ಆ ಉದ್ದನೆಯ ಗಳ ಏಳುತ್ತಿರಬೇಕು, ಕಂದು ಡಬ್ಬಿಗಳು ನಿದ್ದೆಯಲ್ಲಿ ಮಗ್ಗಲು ಬದಲಿಸುವಂತೆ ಹೊರಳುತ್ತಿರಬೇಕು ಎಂದುಕೊಳ್ಳುತ್ತಿದ್ದೆ. ಗೋಡೆಯ ಮೇಲಿನ ಬಿಸಿಲು ನೋಡುತ್ತ ಎಷ್ಟೋ ಸಲ ಗಂಟೆ ಬಾರಿಸಿದ್ದೇ ಕೇಳಿಸುತ್ತಿರಲಿಲ್ಲ.

ಬಣ್ಣ ಸಮನಾಗತೊಡಗಿತು. ಭಾವನ ಮುಖವೂ ಅಷ್ಟಿಷ್ಟು ಸಮನಾಯಿತು.

ಒಂದು ಮಧ್ಯಾಹ್ನ ಹೇಳದೆ ಕೇಳದೆ ಅಡ್ಡಮಳೆ ಬಂತು. ನಾನು ಓಣಿಗೆ ಬರುವಷ್ಟರಲ್ಲಿ ದಪ್ಪ ದಪ್ಪ ಹನಿ ಬಿದ್ದು ನಿಂತೂ ಹೋಗಿತ್ತು, ಮಣ್ಣಿನ ವಾಸನೆ ಮಾತ್ರ ಉಳಿದಿತ್ತು. ಮೇಲೆ ಹೋಗಿ ನೋಡಿದರೆ ಹಪ್ಪಳ ಒಂದೂ ಇಲ್ಲ, ಎಲ್ಲ ಒಳಗೆ ಬೆಚ್ಚಗಿದ್ದವು. ಡಬ್ಬಿಗಳು ಮಾತ್ರ ಇಟ್ಟಲ್ಲೇ ಕೂತಿದ್ದವು. ಒಂದೊಂದರ ಮೇಲೂ ಸಿಡುಬು ಎದ್ದಂತೆ ಹನಿಯ ಗುರುತು.

ಭಾವ ತಲೆಯ ಮೇಲೆ ಕೈ ಹೊತ್ತು ಕೂಗಿದರು. “ಏ, ಹಪ್ಪಳಾ ಎಲ್ಲಾ ಒಳಗ ತಂದೀ, ಡಬ್ಬಿ ಯಾಕ ಬಿಟ್ಟೀ?”

ವೈನಿ ಗಾಬರಿಯಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ನಿಜವಾಗಿಯೂ ತಿಳಿಯಲೆಂದು ಕೇಳುವವರಂತೆ ಕೇಳಿದರು:

“ಚರ್ಮಕ್ಕ ಮಳಿ ಹೊಸಾದೇನ್ರಿ? ಎಮ್ಮಿ ಇದ್ದಾಗ ಅದು ತೋಯ್ದಿಲ್ಲೇನು?”

ಭಾವ ನನ್ನ ಕಡೆ ನೋಡಿದರು. ಮೊದಲು ಹೆಗಲು ಅಲುಗಿತು.

೪. ಆಜಿಯ ದೂರು

ಮಳೆಯ ಭಯಕ್ಕೆ ಡಬ್ಬಿ ಒಣಗಿಸುವುದನ್ನು ಕೆಳಗಿನ ಕೋಣೆಗೆ ತಂದೆವು. ಗಾಳಿಗೆ ಧೂಳು ಬಂದು ಕೂಡಬಾರದೆಂದು ಓಣಿಯ ಕಡೆಯ ಬಾಗಿಲು ಮುಚ್ಚಿದೆವು. ಆಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಬೆಳಿಗ್ಗೆ ಹಚ್ಚಿದ ಡಬ್ಬಿಗಳಿಗಿಂತ ಸಂಜೆ ಹಚ್ಚಿದ ಡಬ್ಬಿಗಳು ಕಪ್ಪಾಗುತ್ತಿದ್ದವು. ನಮ್ಮ ಬಣ್ಣವೆಂದರೆ ಆ ವರ್ಷ ಹೊಸದಾಗಿ ತಂದ ಪುಡಿಯನ್ನು ಸ್ಪಿರಿಟಿನಲ್ಲಿ ಕರಗಿಸಿದ್ದು. ಬಾಯಿ ತೆರೆದ ಬೋಗುಣಿಯಲ್ಲಿ ಇಟ್ಟರೆ ಸ್ಪಿರಿಟು ಆವಿಯಾಗಿ ಹೋಗಿ ಬಣ್ಣ ದಿನವಿಡೀ ಗಟ್ಟಿಯಾಗುತ್ತ ನಡೆಯುತ್ತಿತ್ತು. ಬಿರಡೆ ಇರುವ ಶೀಶೆಗಳಲ್ಲಿ ತುಂಬಿಡಿ, ಬೇಕಾದಷ್ಟೇ ಸುರಿದುಕೊಳ್ಳಿ ಎಂದೆ. ಭಾವ ಹಳೆಯ ಬಜಾರಿಗೆ ಹೋಗಿ ಅಗ್ಗಕ್ಕೆ ಸಿಕ್ಕ ಶೀಶೆಗಳನ್ನು ತಂದರು. ಕ್ಯಾಂಪಿನ ಗೋರಾ ಸೋಲ್ಜರರು ಖಾಲಿ ಮಾಡಿ ಎಸೆದ ಬ್ರಾಂಡಿ ಶೀಶೆಗಳು ಅವು.

ಎದುರು ಮನೆಯಲ್ಲಿ ಒಬ್ಬರು ಮರಾಠಿ ಆಜಿ ಇದ್ದರು. ಮಣಿಸರ ಎಣಿಸುತ್ತ ಕಿಟಕಿಯಲ್ಲಿ ಕೂತಿರುತ್ತಿದ್ದರು. ಮಣಿಯೂ ತಪ್ಪುತ್ತಿರಲಿಲ್ಲ, ಓಣಿಯೂ ತಪ್ಪುತ್ತಿರಲಿಲ್ಲ. ಬಾಗಿಲು ಮುಚ್ಚಿಕೊಂಡು ಮಾಡುವ ಕೆಲಸ, ಸ್ಪಿರಿಟಿನ ವಾಸನೆ, ಬ್ರಾಂಡಿ ಶೀಶೆಗಳಲ್ಲಿ ಕಂದು ನೀರು, ದಿನಾ ಸಂಜೆ ಬಂದು ಮಾತಿಲ್ಲದೆ ಕೂತು ಹೋಗುವ ಒಬ್ಬ ಮಂಕು ಮುಖದ ಮಾಸ್ತರ. ಇಷ್ಟನ್ನೂ ಆಜಿ ಕೂಡಿಸಿದರು. ನನ್ನ ವಿದ್ಯಾರ್ಥಿಗಳು ಇಷ್ಟು ಚೆನ್ನಾಗಿ ಕೂಡಿಸುತ್ತಿರಲಿಲ್ಲ.

ಪೋಲೀಸ ಫೌಜದಾರರು ಬಂದರು. ಹಿಂದೆ ಇಬ್ಬರು ಸಿಪಾಯಿಗಳು.

“ದಾರೂ ಎಲ್ಲಿ ಕಾಯಿಸುತ್ತೀರಿ?” ಎಂದು ಮರಾಠಿಯಲ್ಲಿ ಗದರಿದರು.

ಭಾವನಿಗೆ ಹೆದರಿಕೆಯಾದರೆ ಮರಾಠಿ ಮರೆತು ಹೋಗುತ್ತಿತ್ತು. “ದಾರೂ ನಾಹೀ, ಚಾಳೀಸ, ಚಾಳೀಸ,” ಎಂದು ತೊದಲಿದರು. ಹೆದರಿಕೆಯಲ್ಲಿ ಡಬ್ಬಿ ಎಂಬ ಮಾತೂ ಅವರಿಗೆ ಸಿಗಲಿಲ್ಲ; ಫೌಜದಾರರಿಗೆ ಕೇಳಿಸಿದ್ದು ಮರಾಠಿಯ ಚಾಳೀಸ, ಅಂದರೆ ನಲವತ್ತು. ಮಿಸ್ತ್ರಿ ಮೀಸೆ ತಿರುವುತ್ತ, “ಸಾಹೇಬರ, ಇದನ್ನು ಕುಡಿದವರು ಯಾರೂ ಇಲ್ಲ, ಕುಡಿದರೆ ನೀವೇ ಮೊದಲು,” ಎಂದರು. ಎಚ್ಚರಿಸಬೇಕೆಂದು ಹೇಳಿದ್ದೋ ಕೆಣಕಬೇಕೆಂದು ಹೇಳಿದ್ದೋ ನನಗೆ ಇಂದಿಗೂ ತಿಳಿಯದು.

ನಾನು ಎದ್ದು ನಿಂತು, ಇದು ಚರ್ಮದ ಬಣ್ಣ ಎಂದು ವಿವರಿಸತೊಡಗಿದೆ. ಪುಡಿಯ ಪ್ರಮಾಣ ಎಷ್ಟು, ಸ್ಪಿರಿಟಿನ ಪ್ರಮಾಣ ಎಷ್ಟು ಎಂದು ಕ್ರಮವಾಗಿ ಹೇಳುತ್ತಿದ್ದೆ. ನಡುವೆಯೇ ಫೌಜದಾರರು ಬಿರಡೆ ಕಿತ್ತು, ಬೆರಳು ಅದ್ದಿ, ಬೆರಳನ್ನು ನಾಲಿಗೆಗೆ ಚೆನ್ನಾಗಿ ಸವರಿಕೊಂಡರು. ಅನುಭವಸ್ಥರ ಹಾಗೆ ಕಣ್ಣು ಮುಚ್ಚಿದರು. ಆಮೇಲೆ ಓಣಿಗೆ ಓಡಿದರು. ನಳದ ಕೆಳಗೆ ತಲೆ ಇಟ್ಟರು. ಉಗುಳಿದರು, ತಿಕ್ಕಿದರು, ಮತ್ತೆ ಉಗುಳಿದರು. ಸಿಪಾಯಿಗಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

ಕೊನೆಗೆ ಸೋತು ನಮ್ಮ ಕಡೆ ತಿರುಗಿ, ನಾಲಿಗೆ ಹೊರಗೆ ಚಾಚಿ, ಹೋಯಿತೇ ಎಂದು ಕೈಸನ್ನೆಯಿಂದ ಕೇಳಿದರು. ಹೋಗಿರಲಿಲ್ಲ. ಬುಡದಿಂದ ತುದಿಯ ತನಕ ಒಳ್ಳೆಯ ಗಾಢವಾದ ಕಂದು. ಭಾವ ಅದನ್ನು ಬಹಳ ಹೊತ್ತು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಪರೀಕ್ಷೆ ಮಾಡಿದರು. ಫೌಜದಾರರು ಮೂಲೆ ತಿರುಗಿ ಹೋದ ಮೇಲೆ ನಿಟ್ಟುಸಿರು ಬಿಟ್ಟರು.

“ಮಾಸ್ತರ್ರ, ಈ ವರ್ಷದಾಗ ನಮ್ಮ ಬಣ್ಣಾ ಎಲ್ಲೆರ ಒಂದ ಸಮ ಹತ್ತಿದ್ದು ಅಂದ್ರ ಅಲ್ಲೊಂದ ನೋಡ್ರಿ.”

೫. ಕ್ಯಾಂಪಿನ ಅಂಗಡಿಯಲ್ಲಿ

ಆಮೇಲಿನ ಡಬ್ಬಿಗಳು ನಿಜಕ್ಕೂ ಚೆನ್ನಾಗಿ ಬಂದವು. ಎಣ್ಣೆ ಇಲ್ಲ, ಬಿಸಿಲಿನ ಕಪ್ಪು ಇಲ್ಲ, ಹನಿಯ ಗುರುತಿಲ್ಲ. ಹೊಸ ಬೆಲ್ಲದ ಬಣ್ಣ, ಅಂಚಿನಿಂದ ಅಂಚಿಗೆ ಒಂದೇ. ಕಿಟಕಿಯ ಬೆಳಕಿನಲ್ಲಿ ನಾನೇ ಒಂದೊಂದನ್ನೂ ತಿರುಗಿಸಿ ನೋಡಿದೆ. ಭಾವ ಅವನ್ನು ಕಾಗದದಲ್ಲಿ ಸುತ್ತಿ ಕ್ಯಾಂಪಿಗೆ ಕಳಿಸಿದರು.

ತಿರುಗಿ ಬಂದವು. ಪ್ರತಿಯೊಂದರ ಮುಚ್ಚಳದ ನಡುವೆ ಸರಿಯಾಗಿ ಒಂದೇ ಜಾಗದಲ್ಲಿ ಹುಣಸೆಬೀಜದ ಆಕಾರದ ಬಿಳಿಚು ಕಲೆ. ಹಿಂದಿನ ಮಾಲಿನಲ್ಲಿ ಇದ್ದಿದ್ದರೂ ಉಳಿದ ಕಲೆಗಳ ಗದ್ದಲದಲ್ಲಿ ಕಾಣುತ್ತಿರಲಿಲ್ಲವೇನೋ. ಕಳಿಸುವಾಗ ಇರಲಿಲ್ಲ. ಇರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

“ಹಾದ್ಯಾಗ ಯಾರೋ ನೋಡ್ಯಾರ,” ಎಂದರು ಮಿಸ್ತ್ರಿ. “ನಾ ಮೊದಲಿಂದ ಹೇಳಲಿಕ್ಕತ್ತೀನಿ, ದೃಷ್ಟಿ ಅಂತ. ನೀವು ಮಾರುತಿ ಅಂದ್ರಿ, ಬಿಸಿಲು ಅಂದ್ರಿ.”

ಮಾಲಿನ ಜೊತೆ ಪಾರಸಿ ಮುದುಕರ ಮಾತೂ ಬಂದಿತ್ತು: ಕೊನೆಯ ಸಲ ನೋಡುತ್ತೇನೆ, ಮಾಲು ಮಾಡಿದವನೇ ಹೊತ್ತುಕೊಂಡು ಬರಲಿ, ಕಲೆ ಅವನ ಕಣ್ಣಿಗೇ ತೋರಿಸಿ ಕಳಿಸುತ್ತೇನೆ. ಭಾವ ಆ ರಾತ್ರಿ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದರಂತೆ. ವೈನಿ ಯಾರಿಗೂ ಹೇಳದೆ ಉಪ್ಪಿನಕಾಯಿಯ ಭರಣಿಗಳ ಬಾಯಿಗೆ ಬಟ್ಟೆ ಕಟ್ಟಿ, ಬೆಳಗಾವಿಯ ರೈಲಿನಲ್ಲಿ ಒಯ್ಯುವುದಕ್ಕೆ ಅನುವಾಗುವಂತೆ ಬುಟ್ಟಿಯಲ್ಲಿ ಇಟ್ಟಿದ್ದರು.

ಮತ್ತೊಂದು ಮಾಲು ತಯಾರಾದಾಗ ಭಾವ ನನ್ನನ್ನು ಕೇಳಿದರು. “ನೀವೂ ಬರ್ರಿ ಮಾಸ್ತರ್ರ. ಅಲ್ಲೆ ಹೋದ್ರ ನನಗ ಬಾಯಿನ ಬರೂದಿಲ್ಲ.”

ಶಾಲೆಗೆ ರಜೆ ಇದ್ದ ದಿನ ಬೆಳಿಗ್ಗೆ ಇಬ್ಬರೂ ನಡೆದು ಹೋದೆವು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಕ್ಯಾಂಪಿನ ದೊಡ್ಡ ಮರಗಳು ನೀರಿನಲ್ಲಿ ನಿಂತಂತೆ ಕಾಣುತ್ತಿದ್ದವು. ಎಲ್ಲೋ ದೂರದಲ್ಲಿ ಕುದುರೆಗಳ ಗೊರಸಿನ ಸದ್ದು ಬಂದು ಕರಗಿ ಹೋಗುತ್ತಿತ್ತು. ಡಬ್ಬಿಗಳ ಗಂಟು ಭಾವನ ಎದೆಗೆ ಒತ್ತಿತ್ತು.

ಅಂಗಡಿಯಲ್ಲಿ ಗೋಡೆಯ ತುಂಬ ಕನ್ನಡಕಗಳು. ಅಷ್ಟೂ ಜೋಡಿಗಳು, ಕಣ್ಣಿಲ್ಲದೆಯೇ, ಬಾಗಿಲನ್ನು ನೋಡುತ್ತಿದ್ದವು. ಯಾರೋ ಬರುತ್ತಾರೆಂದು ಕಾದು ಕೂತಂತೆ. ಒಳಗೆ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೇಜಿನ ಹಿಂದೆ ಆ ಪಾರಸಿ ಮುದುಕರು, ಎಲ್ಲರ ಬಾಯಲ್ಲಿ ಸೇಠಜಿ, ಕೂತಿದ್ದರು. ಬಿಳಿಯ ಕೋಟು, ಕಪ್ಪು ಟೋಪಿ, ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೆ ಇನ್ನೊಂದು. ಅವರ ಮಾತಿನಲ್ಲಿ ಗುಜರಾತಿ, ಮರಾಠಿ, ಹಿಂದುಸ್ತಾನಿ ಮೂರೂ ಇರುತ್ತಿದ್ದವು. ನಾನು ಕನ್ನಡದಲ್ಲಿ ಬರೆಯುತ್ತೇನೆ.

“ಕೂಡು, ಡಿಕರಾ,” ಎಂದು ಭಾವನಿಗೆ ಮಗುವಿಗೆ ಹೇಳುವಂತೆ ಹೇಳಿದರು. “ಈಗ ನಿನಗೆ ತೋರಿಸುತ್ತೇನೆ.”

ಗಂಟು ಬಿಚ್ಚಿ ಮೇಲಿನ ಡಬ್ಬಿ ತೆಗೆದರು. ಬಾಯಿಯ ಹತ್ತಿರ ಹಿಡಿದು ಅದರ ಮೇಲೆ ‘ಹಾ’ ಎಂದು ಉಸಿರು ಬಿಟ್ಟರು. ಮೇಜಿನ ಮೇಲೊಂದು ಪುಟ್ಟ ಶೀಶೆ ಇತ್ತು. ಅದನ್ನು ಒಂದು ಬಟ್ಟೆಗೆ ಮಗುಚಿ, ಆ ಬಟ್ಟೆಯಿಂದ ಮುಚ್ಚಳದ ನಡುವೆ ಹೆಬ್ಬೆರಳು ಒತ್ತಿ ಗರಗರ ಒರೆಸಿದರು. ಆಮೇಲೆ ಮೂಗಿನ ಕನ್ನಡಕ ಸರಿಮಾಡಿಕೊಂಡು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಎತ್ತಿದರು.

“ನೋಡು. ಇಲ್ಲಿ. ಮತ್ತೆ ಅದೇ ಕಲೆ.”

ಹುಣಸೆಬೀಜ ಹೊಸದಾಗಿ, ಹಸಿಹಸಿಯಾಗಿ ಹೊಳೆಯುತ್ತಿತ್ತು.

ಭಾವ ನನ್ನನ್ನು ನೋಡಿದರು. ನಾನು ಭಾವನನ್ನು ನೋಡಿದೆ. ಸೇಠಜಿ ಎರಡನೆಯ ಡಬ್ಬಿ ಎತ್ತಿಕೊಂಡು ಆಗಲೇ ‘ಹಾ’ ಎಂದಿದ್ದರು.

“ಸೇಠಜಿ,” ಎಂದೆ, “ಆ ಶೀಶೆಯಲ್ಲಿ ಏನಿದೆ?”

“ಸ್ಪಿರಿಟು. ಗಾಜು ಒರೆಸುವುದಕ್ಕೆ. ನಮ್ಮ ತಂದೆಯವರ ಕಾಲದಿಂದ ಈ ಅಂಗಡಿಯಲ್ಲಿ ಒರೆಸದೆ ಯಾವ ವಸ್ತುವನ್ನೂ ನಾವು ನೋಡುವುದಿಲ್ಲ.”

“ಈ ಬಣ್ಣವನ್ನೂ ಸ್ಪಿರಿಟಿನಲ್ಲೇ ಕರಗಿಸಿದ್ದು,” ಎಂದೆ. “ಸ್ಪಿರಿಟು ತಾಗಿದರೆ ತಿರುಗಿ ಅದರ ಜೊತೆಗೇ ಹೊರಟು ಬರುತ್ತದೆ. ತಾವು ಒಮ್ಮೆ ಆ ಬಟ್ಟೆ ನೋ-”

ಅಷ್ಟರಲ್ಲಿ ನೋಡಿದ್ದರು. ಬಟ್ಟೆ ಕಂದಾಗಿತ್ತು. ಮೂಗಿನ ಕನ್ನಡಕದಿಂದ ನೋಡಿದರು. ಅದನ್ನು ತೆಗೆದು ಹಣೆಯ ಕನ್ನಡಕ ಇಳಿಸಿಕೊಂಡು ನೋಡಿದರು. ಎರಡರಲ್ಲೂ ಕಂದಾಗಿಯೇ ಇತ್ತು.

ಭಾವನ ಕೈ ಮೇಜಿನ ಕೆಳಗೆ ನನ್ನ ಧೋತರದ ಚುಂಗನ್ನು ಹಿಡಿದುಕೊಂಡಿತು. ಗಿರಾಕಿಯ ತಪ್ಪು ತೋರಿಸಿ ಉಳಿದ ವ್ಯಾಪಾರಿ ಯಾರೂ ಇಲ್ಲ ಎಂಬುದು ಆ ಹಿಡಿತದಲ್ಲೇ ಗೊತ್ತಾಗುತ್ತಿತ್ತು. ನನಗೆ ಒಮ್ಮೆಗೇ ಬೆಳಗಾವಿಯ ಅರಿವೆ ಅಂಗಡಿ ಕಣ್ಣೆದುರು ಬಂತು, ಅದರೊಳಗೆ ಗಜ ಹಿಡಿದು ನಿಂತ ಭಾವ ಕಂಡರು. ಬೀಗ ಹಾಕಿದ ಓಣಿಯ ಬಾಗಿಲೂ ಕಂಡಿತು. ಮಾತಾಡಬಾರದಿತ್ತೇನೋ ಅನ್ನಿಸಿತು.

ಸೇಠಜಿ ಶೀಶೆ ಎತ್ತಿ ಬಟ್ಟೆಗೆ ಇನ್ನಷ್ಟು ಸ್ಪಿರಿಟು ಸುರಿದರು. ಡಬ್ಬಿ ಹಿಡಿದು ಒರೆಸತೊಡಗಿದರು. ಈ ಸಲ ನಡುವೆ ಮಾತ್ರವಲ್ಲ. ಮುಚ್ಚಳವೆಲ್ಲ, ಅಂಚೆಲ್ಲ, ತಳವೆಲ್ಲ, ಸುತ್ತಲೂ, ತಾಳ್ಮೆಯಿಂದ, ಹಸುವಿನ ಮೈ ತಿಕ್ಕುವ ಗೌಳಿಯಂತೆ. ಬೆಲ್ಲದ ಬಣ್ಣ ಮೆಲ್ಲನೆ ಇಳಿದು ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂತು. ಎಲ್ಲ ಕಡೆಯೂ ಒಂದೇ. ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಅರಳಿತು.

“ನೋಡಿದಿಯಾ ಡಿಕರಾ? ಎಲ್ಲಿದೆ ಕಲೆ? ಮನಸ್ಸು ಮಾಡಿದರೆ ಆಗುತ್ತದೆ! ಕನ್ನಡಕ ಮಾರುವವನು ನಾನು, ನಿನಗೆ ಚರ್ಮದ ಕೆಲಸ ಕಲಿಸಬೇಕಾಯಿತು. ಇಂಥದ್ದು ಮಾಡಿಕೊಂಡು ಬಾ. ಎಷ್ಟಾದರೂ ಕೊಳ್ಳುತ್ತೇನೆ.”

ಭಾವ ಕೈಮುಗಿದು ಹೊರಗೆ ಬಂದರು. ಅಂಗಡಿ ಕಣ್ಮರೆಯಾಗುವ ತನಕ ನೆಟ್ಟಗೆ ನಡೆದರು. ಆಮೇಲೆ ಒಂದು ಮರದ ಬುಡದಲ್ಲಿ ಕುಕ್ಕರಿಸಿದರು. ಹೆಗಲು ಅಲುಗಿ ನಗೆಯ ದನಿ ಬಂತು ನೋಡಿ, ಹೋಗುತ್ತಿದ್ದ ಟಾಂಗಾದವನು ಕುದುರೆ ನಿಲ್ಲಿಸಿ ನೋಡಿದ. ನಾನು ಒಂದು ಗಳಿಗೆ ಕಣ್ಣು ಮುಚ್ಚಿ ನಿಂತೆ. ಮಂಜಿನಲ್ಲಿ ಆ ನಗು ಅಣ್ಣನದೋ ತಂಗಿಯದೋ ಹೇಳಲು ಬರುವಂತಿರಲಿಲ್ಲ.

ಮನೆಗೆ ಬಂದು ಹೇಳಿದರೆ ವೈನಿ ಭರಣಿಯ ಬಟ್ಟೆ ಬಿಚ್ಚಿ ಎಲ್ಲರಿಗೂ ಊಟಕ್ಕೆ ಉಪ್ಪಿನಕಾಯಿ ಬಡಿಸಿದರು. ಅಂದಿನಿಂದ ನಮ್ಮ ಕಾರಖಾನೆಯಲ್ಲಿ ಡಬ್ಬಿಗೆ ಬಣ್ಣ ಹಚ್ಚಿ, ಒಣಗಿದ ಮೇಲೆ ಸ್ಪಿರಿಟಿನ ಬಟ್ಟೆಯಿಂದ ಮೈಯೆಲ್ಲ ಒರೆಸುವುದೇ ಪದ್ಧತಿಯಾಯಿತು. ಹೆಚ್ಚಿನ ಬಣ್ಣ ಹೋಗಿ, ಉಳಿದದ್ದು ನಿಜಕ್ಕೂ ಬಹಳ ಸಮನಾಗಿ ನಿಲ್ಲುತ್ತಿತ್ತು. ಸೇಠಜಿ ಹೇಳಿದ್ದು ಸುಳ್ಳಾಗಿರಲಿಲ್ಲ.

ಮುಂದಿನ ಮಾಲು ಒಯ್ದಾಗಲೂ ನಾನು ಜೊತೆಗಿದ್ದೆ. ಅಂಗಡಿಯಲ್ಲಿ ಒಬ್ಬ ಗಿರಾಕಿ ಕೂತಿದ್ದರು. ಸೇಠಜಿ ವಾಡಿಕೆಯಂತೆ ‘ಹಾ’ ಎಂದರು, ಒರೆಸಿದರು, ಬೆಳಕಿಗೆ ಹಿಡಿದರು. ಕಲೆ ಬೀಳಲಿಲ್ಲ. ಗಿರಾಕಿಯ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದರು: “ಈ ಬಣ್ಣ ಇವರಿಗೆ ಕಲಿಸಿದವನು ನಾನು. ಮೊದಲು ಇವರ ಡಬ್ಬಿಯ ಮೇಲೆ ಎಂಥ ಕಲೆ ಇರುತ್ತಿತ್ತು ಗೊತ್ತೇ?”

ಭಾವ ಬಹಳ ವಿನಯದಿಂದ ಬಾಗಿ ಕೈಮುಗಿದು ಕನ್ನಡದಲ್ಲಿ ಹೇಳಿದರು: “ಹೌದ್ರಿ ಸೇಠಜಿ. ನೀವು ಕೈ ಹಚ್ಚೂತನಕಾ ಅದು ಇರಲೇ ಇಲ್ಲ.”

“ಏನಂತಾನೆ?” ಎಂದು ಸೇಠಜಿ ನನ್ನನ್ನು ಕೇಳಿದರು.

ಮಾತಿನ ಅರ್ಥ ಕೆಡಿಸಿ ಹೇಳುವುದು ಮಾಸ್ತರಿಕೆಗೆ ಸಲ್ಲದ್ದು. ಇದ್ದದ್ದನ್ನೇ ಹೇಳಿದೆ.

“ಎಲ್ಲಾ ತಮ್ಮ ಕೈಗುಣ ಅನ್ನುತ್ತಾರೆ.”